ಆ ಟಿಕ್ಕನ್ನು ಅಪ್ಪ ನೋಡಿದ್ದಾರಾ?

ಮೂಡಿಗೆರೆ ಕಡೆಯ ಹುಡುಗಿಯೊಬ್ಬಳ ಪತ್ರ ಬಂದಿದೆ. ಸೆಕೆಂಡ್ ಪಿಯುಸಿ ಮುಗಿಸಿ ಅಮೆರಿಕದ ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್‌ಗೆ ಅರ್ಜಿ ತುಂಬುತ್ತಿದ್ದಾಳೆ. ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧವನ್ನು ತೋಟಕ್ಕೆ ನುಗ್ಗುವ ಆನೆಗಳ ಬಗ್ಗೆ ಬರೆಯಲೋ, ತಾನು ಕಲಿತ ವೀಣೆ ಬಗ್ಗೆ ಬರೆಯಲೋ ಅನ್ನುವುದು ಅವಳ ಗೊಂದಲ. ಅದಕ್ಕೇ ಎರಡು ಪುಟ. ಕೊನೆಗೆ ಒಂದು ಸಾಲು: ‘ಅಮೆರಿಕದ ಮಾವ ಹೇಳಿದರು ಅಂತ ಆರ್ಥಿಕ ನೆರವು ಬೇಡ ಎಂದು ಟಿಕ್ ಹಾಕಿದ್ದೇನೆ. ಇನ್ನೂ ಕಳಿಸಿಲ್ಲ. ಅಪ್ಪ ಹೇಗೂ ತೋಟ ಅಡ ಇಡ್ತೀನಿ ಅಂದಿದ್ದಾರೆ.’

ಪುಟ್ಟಿ, ಆನೆ ಬಗ್ಗೆ ಬರೆ. ಆ ವಿಷಯ ಮುಗೀತು.

ಈಗ ಆ ಕೊನೆಯ ಸಾಲು. ಈ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ನಾಲ್ಕು ವರ್ಷಕ್ಕೆ ಎರಡೂವರೆ ಕೋಟಿ ರೂಪಾಯಿಗೂ ಮೇಲೆ. ಈ ಮೊತ್ತವನ್ನು ಅಪ್ಪನಿಗೆ ಹೇಳಿದ್ದೀಯಾ? ನಿನ್ನ ಪತ್ರ ನೋಡಿದರೆ ಹೇಳಿದ ಹಾಗಿಲ್ಲ. ಅಡ ಇಡ್ತೀನಿ ಅಂದ ಮನುಷ್ಯ ಎಷ್ಟಕ್ಕೆ ಅಂತ ಕೇಳಿಯೇ ಇಲ್ಲ. ಪಾಪ, ನನಗೆ ನಿನಗಿಂತ ಅವರ ಚಿಂತೆಯೇ ಜಾಸ್ತಿ.

ನಿನ್ನ ಮಾವನ ಮೇಲೆ ಮಾತ್ರ ಸಿಟ್ಟು ಬಂತು. ‘ನೆರವು ಕೇಳಿದರೆ ಸೀಟು ಕೊಡಲ್ಲ, ಒಳಗೆ ಹೋದ ಮೇಲೆ ಕೇಳಿದರಾಯ್ತು’ ಅಂದರಂತೆ. ಹಾರ್ವರ್ಡ್ ಮತ್ತು ಎಂಐಟಿಯಲ್ಲಿ ವಿದೇಶಿ ಮಕ್ಕಳು ನೆರವು ಕೇಳಿದರೂ ಆಯ್ಕೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೀಟು ಸಿಕ್ಕರೆ, ಮನೆಯವರ ಕೈಲಾಗದ ಅಷ್ಟೂ ಖರ್ಚನ್ನು ತುಂಬಿಕೊಡುತ್ತಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ, ನಿಜ. ಆದರೆ ಅಲ್ಲಿ ಅರ್ಜಿ ಹಾಕುವಾಗ ಬೇಡ ಅಂದ ವಿದೇಶಿ ವಿದ್ಯಾರ್ಥಿ ಆಮೇಲೆ ನಾಲ್ಕು ವರ್ಷವೂ ಕೇಳುವ ಹಾಗಿಲ್ಲ. ಮಾವ ಮಾಸ್ಟರ್ಸ್‌ಗೆ ಹೋದವರು ಅಂತ ಬರೆದಿದ್ದೀಯ. ಅದರ ದಾರಿಯೇ ಬೇರೆ. ಗೊತ್ತಿಲ್ಲದಿದ್ದರೆ ಸುಮ್ನೆ ಇರಬಹುದಿತ್ತಲ್ವಾ?

ಮನೆಯ ದುಡ್ಡಿನ ಮಾತು ಎಲ್ಲರೂ ಕೂತು ಆಡಬೇಕು ಅಂತ ಈ ಅಂಕಣದಲ್ಲಿ ಮದುವೆಗೆ, ಸೈಟಿಗೆ, ಚೀಟಿಗೆ ಎಲ್ಲದಕ್ಕೂ ಬರೆದಿದ್ದೇನೆ. ಓದುವವರಿಗೆ ಬೇಜಾರು ಬಂದಿರಬಹುದು. ನನಗಂತೂ ಬಂದಿಲ್ಲ.

ಈಗ ಕಾಫಿ ಹಣ್ಣು ಕೊಯ್ಯುವ ಕಾಲ, ಹಗಲು ಅಪ್ಪ ಕೈಗೆ ಸಿಗುವುದಿಲ್ಲ. ರಾತ್ರಿ ಊಟ ಆದ ಮೇಲೆ ಅಪ್ಪ, ಅಮ್ಮ ಇಬ್ಬರನ್ನೂ ಕೂರಿಸಿಕೋ. ಮೂರೂ ಕಾಲೇಜಿನ ವೆಬ್‌ಸೈಟಿನಲ್ಲಿ ಖರ್ಚಿನ ಪುಟ ತೆರೆದು, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳು. ಮೊತ್ತವನ್ನು ರೂಪಾಯಿಗೆ ತಿರುಗಿಸಿ ಹೇಳು. ಅಪ್ಪ ‘ಇರಲಿ ಬಿಡು, ನೋಡ್ಕೊಳ್ಳೋಣ’ ಅನ್ನುತ್ತಾರೆ. ಬಿಡಬೇಡ. ನೆರವಿಗೆ ತುಂಬಬೇಕಾದ ಸಿಎಸ್ಎಸ್ ಪ್ರೊಫೈಲ್ ಅನ್ನುವ ಫಾರಂ‌ನಲ್ಲಿ ಅಪ್ಪ ಅಮ್ಮನ ಆದಾಯ, ಆಸ್ತಿ ಎಲ್ಲ ಕೇಳುತ್ತಾರೆ. ತೆರಿಗೆ ರಿಟರ್ನ್ ಹಾಕುವ ಅಭ್ಯಾಸ ಇಲ್ಲದಿದ್ದರೆ ಕಾಫಿ ಮಾರಿದ ಬಿಲ್ಲು, ಬ್ಯಾಂಕಿನ ಲೆಕ್ಕ, ತೋಟದ ಪಹಣಿ ಈಗಲೇ ಹುಡುಕಿಡಿ.

ನೂರು ಜನ ಅರ್ಜಿ ಹಾಕಿದರೆ ಐದು ಜನಕ್ಕೂ ಸೀಟು ಸಿಗದ ಜಾಗಗಳಿವು. ಸಿಗದೇ ಇರಬಹುದು, ಅದಕ್ಕೆ ಅಳಬೇಡ. ಸಿಕ್ಕಿಯೂ ಹೋಗಲಾಗದೆ ಕೂತರೆ ಅಥವಾ ಹೋಗಿ ತೋಟ ಕಳೆದುಕೊಂಡರೆ ಆಗ ಅಳು.

ಕೊನೆಯ ದಿನಾಂಕ ಜನವರಿ ಮೊದಲ ವಾರ. ಅಷ್ಟು ದಿನ ಕಾಯಬೇಡ. ‘ಬೇಡ’ ಅನ್ನುವ ಟಿಕ್ ತೆಗೆದು ‘ಬೇಕು’ ಅಂತ ಹಾಕು, ಮೂರಕ್ಕೂ. ಮಾವನಿಗೆ ಅರ್ಜಿ ಕಳಿಸಿದ ಮೇಲೆ ಹೇಳಿದರೆ ಸಾಕು.