ಹೆತ್ತವರ ಹುಡುಕಾಟ: ಮೊದಲು ಕಾಗದ, ಆಮೇಲೆ ಊರು

ಪ್ರಶ್ನೆ: 1997ರಲ್ಲಿ ಹಸುಗೂಸಾಗಿದ್ದ ನನ್ನನ್ನು ಶಿಶುಮಂದಿರದಿಂದ ದತ್ತು ತಂದರಂತೆ. ಮನೆಯಲ್ಲಿರುವುದು ಕೋರ್ಟಿನ ಎರಡು ಪುಟದ ಆದೇಶ ಮಾತ್ರ. ಸಂಸ್ಥೆ ಮುಚ್ಚಿದೆ. ಹೆತ್ತವರನ್ನು ಹುಡುಕಲು ಫೇಸ್‌ಬುಕ್‌ನಲ್ಲಿ ಫೋಟೊ ಹಾಕಲೇ?
– ಓದುಗರು, ಚಿಂತಾಮಣಿ

ಉತ್ತರ: ದಯವಿಟ್ಟು ಹಾಕಬೇಡಿ. ಹೆತ್ತಾಕೆ ಇಂದು ಇನ್ನೊಂದು ಮನೆಯ ಸೊಸೆಯಾಗಿ, ಹಳೆಯದನ್ನು ಯಾರಿಗೂ ಹೇಳದೆ ಬದುಕುತ್ತಿರಬಹುದು. ಊರೆಲ್ಲ ನೋಡಿದ ಮೇಲೆ ಆಕೆ ಒಪ್ಪುವ ಮನಸ್ಸಿದ್ದರೂ ಬಾಯಿ ಬಿಡಲಾರಳು.

ಆದೇಶದಲ್ಲಿ ಪ್ರಕರಣದ ಸಂಖ್ಯೆ, ವರ್ಷ, ಕೋರ್ಟಿನ ಹೆಸರು ನೋಡಿ. ಹಿಂದೂ ಕುಟುಂಬಗಳ ದತ್ತಕ್ಕೆ ಆಗ ಇದ್ದದ್ದು 1956ರ ಕಾಯ್ದೆ. ಹೆತ್ತವರು ಬಿಟ್ಟುಹೋದ ಮಗುವನ್ನು ದತ್ತು ಕೊಡಲು ಸಂಸ್ಥೆ ಕೋರ್ಟಿನ ಅನುಮತಿ ಪಡೆಯಬೇಕಿತ್ತು, ಅದೂ ಮಗು ಇದ್ದ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ. ಹಲವರು ಎಡವುವುದು ಇಲ್ಲೇ, ಸಾಕಿದವರ ಊರಲ್ಲಿ ಹುಡುಕುತ್ತಾರೆ. ನಿಮ್ಮ ಚಿಂತಾಮಣಿ ಆಗ ಕೋಲಾರ ಜಿಲ್ಲೆಯಲ್ಲಿತ್ತು, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಶಿಶುಮಂದಿರ ನಿಮ್ಮ ಕಡೆಯದೇ ಆಗಿದ್ದರೆ ಕೋಲಾರದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ಬೆಂಗಳೂರಿನದಾಗಿದ್ದರೆ ಅಲ್ಲಿನ ಸಿಟಿ ಸಿವಿಲ್ ಕೋರ್ಟಿಗೆ.

ಅಲ್ಲಿ ಆದೇಶದ ನಕಲಷ್ಟೇ ಕೇಳಿದರೆ ಅದೇ ಎರಡು ಪುಟ ಮತ್ತೆ ಕೈಗೆ ಬರುತ್ತದೆ. ಮೂಲ ಅರ್ಜಿ ಮತ್ತು ಲಗತ್ತುಗಳ ದೃಢೀಕೃತ ನಕಲು ಕೇಳಿ. ಸಾಕಿದ ಅಪ್ಪ ಅಮ್ಮ ಅದರಲ್ಲಿ ಪಕ್ಷಗಾರರಾಗಿದ್ದರೆ ಅವರ ಸಹಿಯಲ್ಲಿ ಕೇಳುವುದು ಸುಲಭ. ಮಗುವನ್ನು ಒಪ್ಪಿಸಿದ ಪತ್ರ, ಪೊಲೀಸ್ ಠಾಣೆಯ ಕಾಗದ, ಮಗುವಿನ ಅಧ್ಯಯನ ವರದಿ (ಮಗುವಿನ ಹಿನ್ನೆಲೆ, ಆರೋಗ್ಯದ ಬಗ್ಗೆ ಸಂಸ್ಥೆ ಬರೆದದ್ದು) ಉಳಿದಿದ್ದರೆ ಆಸ್ಪತ್ರೆಯ ಇಲ್ಲವೇ ಊರಿನ ಹೆಸರು ಸಿಗಬಹುದು. ಜನನ ಪ್ರಮಾಣಪತ್ರವನ್ನು ನೆಚ್ಚಬೇಡಿ. ಅದರಲ್ಲಿ ಸಾಕಿದವರ ಹೆಸರೇ ಇರುತ್ತದೆ, ಸಿಕ್ಕ ಮಗುವಾದರೆ ಹುಟ್ಟಿದ ದಿನವೂ ಅಂದಾಜಿನದು.

ಜೊತೆಗೇ ಕಾರಾಕ್ಕೆ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ, ಹೆತ್ತವರ ಮೂಲ ಹುಡುಕುವ ‘ರೂಟ್ ಸರ್ಚ್’ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಿ. 2022ರ ದತ್ತು ನಿಯಮಗಳ ಪ್ರಕಾರ 18 ತುಂಬಿದವರು ತಾವೇ ಹಾಕಬಹುದು. ನಿಮ್ಮ ಪರವಾಗಿ ಗೆಳೆಯರಾಗಲಿ ಪತ್ತೇದಾರರಾಗಲಿ ಹುಡುಕುವಂತಿಲ್ಲ. ಮುಚ್ಚಿದ ಸಂಸ್ಥೆಯ ಕಡತಗಳು ಯಾರ ವಶಕ್ಕೆ ಹೋದವು ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಬರವಣಿಗೆಯಲ್ಲೇ ಕೇಳಿ. ಹೆಸರು ಗುಟ್ಟಾಗಿಡಿ ಎಂದು ತಾಯಿ ಆಗ ಕೋರಿದ್ದರೆ ಅವರ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೂ, ಸಿಗದಿದ್ದರೂ, ಯಾವ ಪರಿಸ್ಥಿತಿಯಲ್ಲಿ ನಿಮ್ಮನ್ನು ಒಪ್ಪಿಸಿದರು ಎಂಬುದನ್ನು ನಿಮಗೆ ತಿಳಿಸಲೇಬೇಕು. ಈ ಹಕ್ಕನ್ನು ಬಿಟ್ಟುಕೊಡಬೇಡಿ.

ಒಪ್ಪಿಸಿದ ಪತ್ರವೇ ಇಲ್ಲದೆ ಠಾಣೆಯ ಕಾಗದ ಮಾತ್ರ ಇದ್ದರೆ, ಅಂದರೆ ನೀವು ಎಲ್ಲೋ ಸಿಕ್ಕ ಮಗುವಾಗಿದ್ದರೆ, ತಾಯಿಯ ಹೆಸರು ಯಾವ ಕಡತದಲ್ಲೂ ಇಲ್ಲದಿರಬಹುದು. ಆಗ ಉಳಿಯುವುದು ಡಿಎನ್‌ಎ ಪರೀಕ್ಷೆ. ನಿಮ್ಮ ರಕ್ತಸಂಬಂಧಿ ಯಾರಾದರೂ ಪರೀಕ್ಷೆ ಮಾಡಿಸಿ, ಅವರ ಫಲಿತಾಂಶ ನಿಮ್ಮದನ್ನು ಹೋಲಿಸುವ ಸಂಗ್ರಹದಲ್ಲಿ ಇದ್ದರೆ ಮಾತ್ರ ಅದರಿಂದ ಪ್ರಯೋಜನ.

ಪ್ರಶ್ನೆ: ಹೆತ್ತವರು ಸಿಕ್ಕಿದ್ದಾರೆ. ಅವರ ಆಸ್ತಿಯಲ್ಲಿ ನನಗೆ ಪಾಲಿದೆಯೇ?
– ಓದುಗರು, ತಿಪಟೂರು

ಉತ್ತರ: ಹಕ್ಕಿನಿಂದ ಕೇಳಲಾಗದು. ದತ್ತಾದ ದಿನವೇ ಆ ಮನೆಯ ನಂಟು ಕಾನೂನಿನಲ್ಲಿ ಕಡಿದುಹೋಗುತ್ತದೆ. ದತ್ತಿಗೆ ಮೊದಲೇ ನಿಮಗೆ ಸೇರಿದ್ದ ಆಸ್ತಿ ಇದ್ದರೆ ಅದು ನಿಮ್ಮದೇ. ಅವರು ಪ್ರೀತಿಯಿಂದ ಉಯಿಲು ಬರೆದರೆ ಪಡೆಯಬಹುದು. ಮದುವೆಯ ವಿಷಯದಲ್ಲಿ ಮಾತ್ರ ಹಳೆಯ ನಂಟು ಉಳಿದೇ ಇರುತ್ತದೆ: ಹುಟ್ಟಿದ ಮನೆಯಲ್ಲಿದ್ದಾಗ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ಈಗಲೂ ಆಗುವಂತಿಲ್ಲ.