ಸಾಹಿತ್ಯ ಪ್ರಕಾರಗಳನ್ನು ವಾರಕ್ಕೊಂದರಂತೆ ಕಲಿಸಬೇಡಿ

ಶಿರಸಿ ತಾಲ್ಲೂಕಿನ ಪ್ರೌಢಶಾಲೆಗೆ ಹೊಸದಾಗಿ ಬಂದಿದ್ದೀರಿ, ಎಂಟನೆಯ ತರಗತಿಗೆ ಕವಿತೆ, ಕಥೆ, ನಾಟಕ, ಪ್ರಬಂಧಗಳನ್ನು ವಾರಕ್ಕೊಂದರಂತೆ ಪರಿಚಯಿಸಲು ಲಕ್ಷಣಗಳ ಚಾರ್ಟ್ ಮಾಡಿಟ್ಟುಕೊಂಡಿದ್ದೀರಿ, ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಯಾವುದರಿಂದಲೂ ಬೇಡ. ಆ ಚಾರ್ಟನ್ನು ಸುತ್ತಿ ಬೀರುವಿನ ಮೇಲಿಡಿ. ಅಂಥದೇ ಒಂದನ್ನು ನಾನೂ ಮಾಡಿದ್ದೆ.

ನನ್ನದು ಅಂಕೋಲೆ ಕಡೆಯ ಕರಾವಳಿಯ ಶಾಲೆ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಗೆರೆ ಎಳೆದು ಪ್ರಕಾರ, ಲಕ್ಷಣ, ಉದಾಹರಣೆ ಎಂದು ಮನೆ ಮಾಡಿ ಗೋಡೆಗೆ ಅಂಟಿಸಿದ್ದೆ. ಪ್ರಬಂಧದ ಮನೆಯಲ್ಲಿ ‘ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ’ ಎಂದಿತ್ತು. ಮಕ್ಕಳು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು, ನಾನು ಸಂತೋಷಪಡುತ್ತಿದ್ದೆ.

ಆ ವರ್ಷ ‘ನಮ್ಮೂರಿನ ಮೀನುಗಾರಿಕೆ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದೆ. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ ಮೂರು ಪುಟ ಬರೆದು ತಂದ. ಮೊದಲ ಪುಟದಲ್ಲಿ ರಂಪಣಿ ಬಲೆ ಬಿಡುವ ವಿವರವಿತ್ತು: ದೋಣಿ ಕಡಲಲ್ಲಿ ಅರ್ಧಚಂದ್ರದಂತೆ ಸುತ್ತಿ ಬರುವುದು, ದಡದ ಎರಡು ಕಡೆ ಜನ ಹಗ್ಗ ಹಿಡಿದು ನಿಲ್ಲುವುದು, ಹೆಂಗಸರು ಬುಟ್ಟಿ ಹಿಡಿದು ಕಾಯುವುದು. ಹಗ್ಗ ಭಾರವಾಗುತ್ತಿದ್ದಂತೆ ಗದ್ಯ ನಿಂತುಹೋಗಿ, ಎಳೆಯುವವರ ಕೂಗು ಪದ್ಯವಾಗಿ ಬಂತು. ಆಮೇಲೆ ಬಲೆಯೇ ಎದ್ದು ನಿಂತು, ವೇಷವಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯಂತೆ, ಸಮುದ್ರದೊಂದಿಗೆ ವಾದಕ್ಕಿಳಿಯಿತು. ‘ಎಲೈ ಸಮುದ್ರರಾಜನೇ, ನಾನು ಯಾರೆಂದು ಬಲ್ಲೆಯಾ?’ ಎಂದು ಬಲೆ ಕೇಳುತ್ತದೆ. ಕೊನೆಯ ಮಾತು ಸಮುದ್ರದ್ದು: ‘ಮಳೆಗಾಲದಲ್ಲಿ ಎರಡು ತಿಂಗಳು ನನ್ನನ್ನು ಬಿಡುತ್ತೀರಿ. ಉಳಿದ ಹತ್ತು ತಿಂಗಳು ನಾನು ಯಾರ ಬಳಿ ದೂರಲಿ?’ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗಿರುವ ನಿಷೇಧವನ್ನು ಹದಿಮೂರು ವರ್ಷದ ಹುಡುಗ ಸಮುದ್ರದ ಬಾಯಲ್ಲಿ ಆಡಿಸಿದ್ದ.

ನಾನು ಕೆಂಪು ಶಾಯಿಯಲ್ಲಿ ಬರೆದೆ: ‘ಇದು ಪ್ರಬಂಧವಲ್ಲ. ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ. ಕಥೆಯೋ ನಾಟಕವೋ ಮೊದಲು ನಿರ್ಧರಿಸು.’

ಈ ತಪ್ಪನ್ನು ಬಿಡಿಸಿಯೇ ಹೇಳಬೇಕು, ಇಲ್ಲದಿದ್ದರೆ ನೀವು ಇದನ್ನು ಅಂಕದ ತಪ್ಪೆಂದುಕೊಳ್ಳುತ್ತೀರಿ. ಅಂಕವನ್ನು ಮರುದಿನ ತಿದ್ದಬಹುದಿತ್ತು. ಪುಸ್ತಕಗಳ ರಾಶಿ ಮುಂದಿದ್ದು ಅವಸರವಾಗಿತ್ತು ಎನ್ನಲೂ ಬರುವುದಿಲ್ಲ; ಆ ಮೂರು ಪುಟಗಳನ್ನು ನಾನು ಎರಡು ಸಲ ಓದಿದ್ದೆ, ಸಮುದ್ರದ ಮಾತನ್ನು ಶಿಕ್ಷಕರ ಕೊಠಡಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದೆ. ಇಷ್ಟವಾಗಿತ್ತು. ಆದರೂ ಹಾಗೆ ಬರೆದೆ, ಏಕೆಂದರೆ ಗೋಡೆಯ ಮೇಲಿನ ಚಾರ್ಟಿನಲ್ಲಿ ಅದಕ್ಕೊಂದು ಮನೆ ಇರಲಿಲ್ಲ. ಓದಿದವಳು ನಾನು, ಅಂಕ ಹಾಕಿದ್ದು ಚಾರ್ಟು. ಬರೆದದ್ದು ಏನಾಗಿದೆ ಎಂದು ನೋಡಿ ಅದಕ್ಕೊಂದು ಹೆಸರು ಹುಡುಕುವ ಬದಲು, ಹೆಸರನ್ನು ಮೊದಲೇ ನಿಲ್ಲಿಸಿ ಬರಹವನ್ನು ಅದರೊಳಗೆ ತುರುಕಲು ಹೋದೆ. ಇನ್ನೂ ದೊಡ್ಡ ಸಂಗತಿ ನನಗೆ ಹೊಳೆದಾಗ ತಡವಾಗಿತ್ತು. ಆ ಹುಡುಗ ಪ್ರಕಾರಗಳನ್ನು ಕಲಸಿರಲಿಲ್ಲ, ಆರಿಸಿಕೊಂಡಿದ್ದ. ನೋಡಿ ಹೇಳುವಲ್ಲಿ ಗದ್ಯ, ಮೈಬಲ ಬೇಕಾದಲ್ಲಿ ಹಾಡು, ನ್ಯಾಯ ಕೇಳುವಲ್ಲಿ ಸಂವಾದ. ಯಾವ ರೂಪ ಯಾವ ಕೆಲಸಕ್ಕೆ ಒದಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಚಾರ್ಟಿನ ಮುಂದೆ ನಿಂತು ವರ್ಷವಿಡೀ ನಾನು ಕಲಿಸಲು ಹೆಣಗಿದ್ದು ಅದನ್ನೇ. ‘ಇಲ್ಲಿ ಯಾಕೆ ಪದ್ಯಕ್ಕೆ ಬಂದೆ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಇಡೀ ತರಗತಿಗೆ ಪಾಠವಾಗುತ್ತಿತ್ತು. ಕೇಳಲಿಲ್ಲ.

ಮುಂದೆ ಅವನು ಗೈಡಿನಲ್ಲಿದ್ದಂತೆಯೇ ಪ್ರಬಂಧ ಬರೆದ. ಪೀಠಿಕೆ, ಉಪಸಂಹಾರ ಎಲ್ಲ ಇರುತ್ತಿದ್ದವು. ಹತ್ತನೆಯ ತರಗತಿಯಲ್ಲಿದ್ದಾಗ ಶಾಲೆಯ ಹಸ್ತಪತ್ರಿಕೆಗೆ ಏನಾದರೂ ಕೊಡು ಎಂದರೆ, ‘ನನಗೆ ಬರೆಯಲು ಬರುವುದಿಲ್ಲ ಅಕ್ಕೋರೇ’ ಎಂದ. ಮುನಿಸಿನಿಂದ ಹೇಳಿದ ಮಾತಲ್ಲ ಅದು, ನಂಬಿ ಹೇಳಿದ್ದು. ನಂಬಿಸಿದವಳು ನಾನು.

ನಿಮ್ಮ ಶಾಲೆಯಿಂದ ಬನವಾಸಿ ದೂರವಿಲ್ಲ. ಆ ಬನವಾಸಿಯನ್ನು ಹಾಡಿಹೊಗಳಿದ ಪಂಪ ಹತ್ತನೆಯ ಶತಮಾನದಲ್ಲಿ ಬರೆದದ್ದು ಚಂಪೂ, ಗದ್ಯ ಪದ್ಯ ಎರಡೂ ಬೆರೆತದ್ದು. ನನ್ನ ಚಾರ್ಟಿನಲ್ಲಿ ಪಂಪನಿಗೂ ಮನೆ ಇರಲಿಲ್ಲ. ಹೀಗಿರುವಾಗ ಕವಿತೆ ಮೊದಲೋ ಕಥೆ ಮೊದಲೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗುವುದಿಲ್ಲ. ಒಂದೊಂದನ್ನೇ ಬೇರೆಬೇರೆಯಾಗಿ ತೋರಿಸಿದರೆ ಮಕ್ಕಳಿಗೆ ಲಕ್ಷಣ ಸಿಗುತ್ತದೆ, ವ್ಯತ್ಯಾಸ ಸಿಗುವುದಿಲ್ಲ. ಒಂದೇ ಸಂಗತಿಯನ್ನು ಎರಡು ಮೂರು ರೂಪಗಳಲ್ಲಿ ಒಟ್ಟಿಗೆ ಇಡಿ.

ನಾನು ಹಾಗೆ ಮಾಡಿದ್ದು ಕಾಳಿ ಸೇತುವೆಯನ್ನು ಇಟ್ಟುಕೊಂಡು. ಕಾರವಾರದ ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವ ಹಳೆಯ ಸೇತುವೆ 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ ಕುಸಿಯಿತು. ಅದರ ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿ ತಂದರು. ಪಕ್ಕದ ಹೊಸ ಸೇತುವೆ ಹಾಗೆಯೇ ನಿಂತಿತ್ತು. ಮೊದಲು ಇದನ್ನು ಪತ್ರಿಕಾ ವರದಿಯಾಗಿ ಬರೆಸಿದೆ. ಆಮೇಲೆ ಕಥೆ, ನಾಲ್ಕು ಸಾಲಿನ ಚೌಪದಿ, ಎರಡು ಸೇತುವೆಗಳ ನಡುವಿನ ಸಂಭಾಷಣೆ. ‘ವರದಿಯಲ್ಲಿ ಚಾಲಕ ಬದುಕಿದ ಎನ್ನುವುದು ಎಲ್ಲಿದೆ?’ ಎಂದು ಕೇಳಿದರೆ, ಮೊದಲ ಸಾಲಿನಲ್ಲಿದೆ ಎಂದರು. ಕಥೆಯಲ್ಲಿ? ಕೊನೆಯಲ್ಲಿ. ಯಾಕೆ? ಒಬ್ಬ ಹುಡುಗಿ ಎದ್ದು, ‘ಪೇಪರ್ ಓದುವವರಿಗೆ ಗಡಿಬಿಡಿ ಇರುತ್ತದೆ, ಕಥೆ ಓದುವವರು ಕಾಯುತ್ತಾರೆ’ ಎಂದಳು. ಇದಕ್ಕಿಂತ ಚೆನ್ನಾದ ಲಕ್ಷಣವನ್ನು ನಾನು ಯಾವ ಚಾರ್ಟಿನಲ್ಲಿ ಬರೆಯಲಿ? ಚೌಪದಿಯಲ್ಲಿ ದಿನಾಂಕ ಹಿಡಿಯಲಿಲ್ಲ, ಊರಿನ ಹೆಸರೂ ಹಿಡಿಯಲಿಲ್ಲ. ಏನನ್ನು ಬಿಡಬೇಕೆಂದು ಮಕ್ಕಳು ಅರ್ಧ ತಾಸು ಜಗಳವಾಡಿದರು. ದಿನಕರ ದೇಸಾಯಿಯವರ ಚುಟುಕಗಳನ್ನು ಓದಿ ಹೇಳಿದ್ದು ಆ ಜಗಳದ ನಂತರ. ಆಗ ಅವರ ನಾಲ್ಕು ಸಾಲಿನ ಬಿಗಿ ಮಕ್ಕಳಿಗೆ ತಾನಾಗಿಯೇ ಕಂಡಿತು. ಮೊದಲೇ ಓದಿದ್ದರೆ ಪ್ರಾಸಕ್ಕೆ ನಕ್ಕು ಸುಮ್ಮನಾಗುತ್ತಿದ್ದರು.

ನಾಟಕಕ್ಕೆ ನಿಮ್ಮ ಕಡೆ ನನಗಿಂತ ಹೆಚ್ಚಿನ ಅನುಕೂಲವಿದೆ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ತಾಳಮದ್ದಳೆ ನಡೆಯುತ್ತಲೇ ಇರುತ್ತದೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ, ಮಾತು ಅರ್ಥಧಾರಿಯದು. ಒಂದೇ ಪದ್ಯವನ್ನು ಇಬ್ಬರು ಮಕ್ಕಳಿಗೆ ಕೊಟ್ಟು, ಒಬ್ಬ ಕರ್ಣನ ಪರವಾಗಿ, ಇನ್ನೊಬ್ಬ ಕೃಷ್ಣನ ಪರವಾಗಿ ಅರ್ಥ ಹೇಳಲಿ. ಆಮೇಲೆ ಪಠ್ಯದ ನಾಟಕ ತೆರೆದರೆ, ಇಲ್ಲಿ ಮಾತನ್ನೆಲ್ಲ ಬರೆದವರೇ ಕೊಟ್ಟಿದ್ದಾರೆ ಎಂದು ಮಕ್ಕಳೇ ಹೇಳುತ್ತಾರೆ. ಛಂದಸ್ಸಿಗೂ ಪ್ರಸಂಗವೇ ಸುಲಭದ ದಾರಿ. ಅದರಲ್ಲಿ ಭಾಮಿನಿ ಬರುತ್ತದೆ, ಕಂದ ಬರುತ್ತದೆ. ಭಾಮಿನಿ ಷಟ್ಪದಿಯನ್ನು ಕೈತಟ್ಟಿ ಹೇಳಿಸಿ, 3, 4, 3, 4ರ ನಡೆ ಕಿವಿಗೆ ಹತ್ತಲಿ. ಆಮೇಲೆ ಪ್ರಸ್ತಾರ ಹಾಕಿಸಿದರೆ ಚಿಕ್ಕ ಸಾಲಿಗೆ 14 ಮಾತ್ರೆ ಹೇಗೆ ಬಂತೆಂದು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಪರೀಕ್ಷೆಯ ಭಯವನ್ನೂ ಹೇಳಿಕೊಂಡಿದ್ದೀರಿ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಗೆ ಬರವಣಿಗೆಯ ಪರೀಕ್ಷೆ ಇದೆ. ಅದಕ್ಕೆ ಪೀಠಿಕೆ, ಉಪಸಂಹಾರ ಬೇಕು, ನಿಜ. ಅದನ್ನು ಹತ್ತನೆಯ ತರಗತಿಯ ಕೊನೆಯ ತಿಂಗಳುಗಳಲ್ಲಿ ಕಲಿಸಿ. ಅಷ್ಟರಲ್ಲಿ ಬರೆಯುವ ಕೈ ಪಳಗಿದ್ದರೆ ಕೆಲವೇ ತಾಸುಗಳ ಕೆಲಸ ಅದು. ಎಂಟನೆಯ ತರಗತಿಗೆ ಇಂಥ ಪ್ರಬಂಧಗಳ ಬದಲು ಹೀಗೆ ಎರಡು ರೂಪಗಳಲ್ಲಿ ಬರೆಸಿದ್ದನ್ನೇ ಚಟುವಟಿಕೆಯಾಗಿ ತೆಗೆದುಕೊಳ್ಳಿ. ತಿದ್ದುವಾಗ ತಪ್ಪಿನ ಗುರುತು ಹಾಕುವ ಮೊದಲು ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ, ಉತ್ತರವನ್ನು ಮರುದಿನ ಎಲ್ಲರ ಮುಂದೆ ಅವರ ಬಾಯಲ್ಲೇ ಕೇಳಿ. ಈ ವಾರವೇ ಆರಂಭಿಸಬೇಕೆಂದಿದ್ದರೆ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಸಂಗತಿಯನ್ನು ಮಕ್ಕಳಿಂದಲೇ ಆರಿಸಿ, ಮೊದಲು ವರದಿ, ಆಮೇಲೆ ಕಥೆ ಬರೆಸಿ. ಪ್ರಕಾರ ಎಂಬ ಮಾತನ್ನು ಎರಡೂ ಮುಗಿಯುವವರೆಗೆ ಎತ್ತಬೇಡಿ.