ಗೋಳಗುಮ್ಮಟ, ಥಿಯೇಟರ್ ಓಪನ್ ಆದ ಮ್ಯಾಲೂ ಮಾಸ್ಕ್ ಯಾಕ ಹಾಕ್ಬೇಕಿತ್ತು?

ಬಾಗಿಲಾ ತೆಗದ್ರು ಅಂದ್ರ ಕೊರೊನಾ ಹೋತು ಅಂತಲ್ಲ, ಒಳಗ ಎಲ್ಲಾರೂ ಉಸಿರಾಡೋದು ಒಂದ ಗಾಳಿ, ಅದಕ್ಕ ವೈರಸ್ ಸೇರೋದನ್ನ ಮಾಸ್ಕ್ ಬಾಯಿ ಹತ್ರನ ಕಡಿಮಿ ಮಾಡ್ತದ.

ಮಾತಾಡಿದಾಗ ಬಾಯಿಂದ ಹನಿ ಬರ್ತಾವ, ದಪ್ಪನ್ನವು ಕೆಳಗ ಬೀಳ್ತಾವ, ಕಣ್ಣಿಗೆ ಕಾಣದಷ್ಟು ಸಣ್ಣವು ಅಗರಬತ್ತಿ ಹೊಗಿ ಹಂಗ ತೇಲ್ಕೋತ ಇರ್ತಾವ, ಗಾಳಿ ಆಡದ ಜಾಗಾದಾಗ ತಾಸುಗಟ್ಟಲೆ. ಜೋರಾಗಿ ಒದರಿದ್ರಂತೂ ಇನ್ನೂ ಭಾಳ. ನಮ್ಮ ವಿಜಯಪುರದ ಗೋಳಗುಮ್ಮಟಾನ ನೋಡ್ರಿ, ಇಕ್ಕಟ್ಟಿನ ಮೆಟ್ಟಿಲಾ ಏದುಸಿರು ಬಿಟ್ಕೋತ ಹತ್ತತೀವಿ, ಮ್ಯಾಲೆ ಪಿಸುಗುಟ್ಟೋ ಗ್ಯಾಲರಿಗೆ ಹೋಗಿ ಸುಮ್ನ ನಿಂದ್ರೋರು ಯಾರು, ಹುಡುಗ್ರು ಸೀಟಿ ಹೊಡೀತಾರ, ಹೆಸರು ಹಿಡದು ಕೂಗತಾರ, ಪ್ರತಿಧ್ವನಿ ಕೇಳಾಕಂತನ ಬಂದಿರ್ತಾರಲ್ಲ!

ಇನ್ನ ಜ್ವರಾ ಕೆಮ್ಮು ಏನೂ ಇಲ್ಲದವರಿಂದನೂ ಇದು ಹರಡ್ತಿತ್ತು, ಹಂಗಾಗಿ ಗೇಟಿನ್ಯಾಗ ಟೆಂಪರೇಚರ್ ನೋಡಿದ್ರ ಅವರು ಸಿಗ್ತಿರ್ಲಿಲ್ಲ. 2020ರ ಜುಲೈ 6ರಿಂದ ಸ್ಮಾರಕಗಳಿಗೆ, ಅಕ್ಟೋಬರ್ 15ರಿಂದ ಅರ್ಧ ಸೀಟಿನ ಮ್ಯಾಲೆ ಥಿಯೇಟರಿಗೆ ಕೇಂದ್ರ ಪರ್ಮಿಷನ್ ಕೊಟ್ಟಾಗ ಲಸಿಕಿನೂ ಶುರು ಆಗಿರ್ಲಿಲ್ಲ, ಅದು ಬಂದಿದ್ದು 2021ರ ಜನವರಿಗೆ. ಫೋಟೊಕ್ಕಂತ ಮಾಸ್ಕ್ ಗದ್ದಕ್ಕ ಇಳಿಸ್ಕೊಂಡು ಅಡ್ಡಾಡಿದ್ರ ಏನೂ ಉಪಯೋಗಿಲ್ಲ, ಮೂಗೂ ಮುಚ್ಚಿರಬೇಕು, ಉಸಿರು ಹೋಗಿಬರೋದು ಅಲ್ಲಿಂದನೂ ಅದಲ್ರಿ.